ಮರಿ ಹುಂಜವೋ ಹೇಂಟೆಯೋ? ಬೆಳೆದಾಗ ಯಾವ ಬಣ್ಣ?

ಪ್ರಶ್ನೆ: ನಮ್ಮದು ಕುಂದಗೋಳ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ನಾಲ್ಕಾರು ಜವಾರಿ ಹೇಂಟೆ, ಎರಡು ಗಿರಿರಾಜ ಹೇಂಟೆ, ಮೈತುಂಬ ಕರಿ-ಬಿಳಿ ಪಟ್ಟೆ ಇರುವ ಒಂದು ಹೇಂಟೆ ಇವೆ. ಕೆಂಪು ಜವಾರಿ ಹುಂಜವನ್ನು ಜಾತ್ರೆ ಹೊತ್ತಿಗೆ ಮಾರಿ, ಅದರ ಬದಲಿಗೆ ಕಡಕನಾಥ ಹುಂಜ ತಂದೆವು. ಒಂದು ವಾರ ಬಿಟ್ಟು ಎಲ್ಲ ಹೇಂಟೆಗಳ ತತ್ತಿ ಕೂಡಿಸಿ ಒಂದು ಜವಾರಿ ಹೇಂಟೆಯ ಕೆಳಗೆ ಕಾವಿಗಿಟ್ಟೆವು. ಹನ್ನೊಂದು ಮರಿ ಹೊರಬಂದಿವೆ. ನಾಲ್ಕು ಕರಿಯವು, ಎರಡು ಕರಿ ಮೈಯ ಮೇಲೆ ತಲೆಯಲ್ಲಿ ಬಿಳಿ ಚುಕ್ಕಿ ಇರುವವು, ಮೂರು ಬೆನ್ನ ಮೇಲೆ ಗೆರೆ ಇರುವವು, ಒಂದು ಹಳದಿ, ಒಂದು ಬೂದು. ಈಗ ಅವಕ್ಕೆ ಹತ್ತು ದಿನ. ಇವುಗಳಲ್ಲಿ ಹುಂಜ ಯಾವುವು, ಹೇಂಟೆ ಯಾವುವು? ದೊಡ್ಡವಾದಾಗ ಯಾವ ಬಣ್ಣಕ್ಕೆ ತಿರುಗುತ್ತವೆ? ಕೆಂಪು ಹುಂಜ ಮನೆಯಲ್ಲಿಲ್ಲದಿದ್ದರೂ ಗೆರೆಮರಿಗಳು ಅದರ ಮರಿಗಳಂತೆಯೇ ಇವೆ, ಹೇಗೆ? “ಚೂಪ ತತ್ತಿಯೊಳಗ ಹುಂಜ, ದುಂಡ ತತ್ತಿಯೊಳಗ ಹೇಂಟಿ” ಅಂತ ನಮ್ಮ ಅತ್ತೆಯವರು ಹೇಳುತ್ತಾರೆ, ಅದು ನಿಜವೇ?

ಉತ್ತರ: ಉತ್ತರಿಸಲು ಬೇಕಾದ ವಿವರಗಳನ್ನು ನೀವು ತಪ್ಪದೆ ಬರೆದಿದ್ದೀರಿ. ಯಾವ ಹೇಂಟೆಗಳಿವೆ, ಹುಂಜ ಯಾವಾಗ ಬದಲಾಯಿತು, ಮರಿಗಳ ಮೈಬಣ್ಣ ಹೇಗಿದೆ ಎಂಬ ಈ ಮೂರು ಸಂಗತಿಗಳಿಲ್ಲದೆ ಯಾರೂ ಖಚಿತವಾಗಿ ಏನನ್ನೂ ಹೇಳಲಾರರು. ಹುಂಜವನ್ನು ಮಾರುವುದು, ಹೇಂಟೆಯನ್ನು ತತ್ತಿಗೆ ಉಳಿಸಿಕೊಳ್ಳುವುದು ನಮ್ಮ ಹಳ್ಳಿಮನೆಗಳ ಲೆಕ್ಕಾಚಾರ. ಆದ್ದರಿಂದ ಮರಿಯ ಲಿಂಗ ಬೇಗ ತಿಳಿಯಬೇಕೆಂಬ ಆಸೆ ಸಹಜವಾದದ್ದು.

ನಿಮ್ಮ ಸಂದೇಹದಲ್ಲಿ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ: ತತ್ತಿಯ ಆಕಾರ, ಮರಿಯ ಲಿಂಗ, ಬೆಳೆದ ಕೋಳಿಯ ಬಣ್ಣ, ಗೆರೆಮರಿಗಳ ತಂದೆ. ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಅತ್ತೆಯವರ ಮಾತು. ಈ ನಂಬಿಕೆ ನಮ್ಮ ಸೀಮೆಯದಷ್ಟೇ ಅಲ್ಲ, ಬಹಳ ಹಳೆಯದು. ಗ್ರೀಸ್ ದೇಶದ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ, ಉದ್ದವಾದ ಚೂಪು ತತ್ತಿಯಿಂದ ಹೆಣ್ಣು ಮರಿ ಬರುತ್ತದೆ ಎಂದು ಬರೆದ. ಆಮೇಲೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಅದಕ್ಕೆ ತದ್ವಿರುದ್ಧವಾಗಿ, ಚೂಪು ತತ್ತಿಯಿಂದ ಗಂಡು ಎಂದ. ಇಬ್ಬರು ದೊಡ್ಡವರು ಒಂದೇ ಗುರುತಿಗೆ ಎರಡು ಅರ್ಥ ಹೇಳಿದರೆಂದರೆ ಆ ಗುರುತಿನಲ್ಲಿ ಹುರುಳಿಲ್ಲ ಎಂದೇ ತಿಳಿಯಬೇಕು. ಕಾರಣವೂ ಸರಳ. ಮರಿ ಹುಂಜವಾಗಬೇಕೋ ಹೇಂಟೆಯಾಗಬೇಕೋ ಎಂಬುದು ಹಳದಿ ಭಾಗ ಅಂಡಾಶಯದಿಂದ ಕಳಚಿಕೊಳ್ಳುವ ಹೊತ್ತಿಗೆ ತೀರ್ಮಾನವಾಗಿರುತ್ತದೆ. ಅದರ ಸುತ್ತ ಬಿಳಿ ಲೋಳೆ, ಪೊರೆ, ಕೊನೆಗೆ ಚಿಪ್ಪು ಕೂಡುವುದು ಆಮೇಲೆ, ಸುಮಾರು ಒಂದು ದಿನದ ಅವಧಿಯಲ್ಲಿ. ಆಕಾರ ಬರುವುದು ತತ್ತಿ ಸಾಗಿ ಬರುವ ನಾಳದಿಂದ. ನೀವೇ ಗಮನಿಸಿರಬಹುದು, ಒಂದು ಹೇಂಟೆ ಇಡುವ ತತ್ತಿಗಳು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿರುತ್ತವೆ. ಹಾಗಿದ್ದೂ ಅವುಗಳಿಂದ ಹುಂಜವೂ ಬರುತ್ತದೆ, ಹೇಂಟೆಯೂ ಬರುತ್ತದೆ. ಒಟ್ಟಾರೆ ನೋಡಿದರೆ ಅರ್ಧಕ್ಕರ್ಧ.

ಇನ್ನು ಲಿಂಗದ ವಿಷಯ. ಇದಕ್ಕೆ ಒಂದು ಮೂಲ ಸಂಗತಿ ತಿಳಿದಿರಬೇಕು. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ವರ್ಣತಂತು. ಕೋಳಿಯಲ್ಲಿ ಇದು ತಿರುವುಮುರುವು, ಅಲ್ಲಿ ತಾಯಿಯೇ ನಿರ್ಧರಿಸುತ್ತದೆ. ಹುಂಜದಲ್ಲಿ ಎರಡು ಝಡ್ ವರ್ಣತಂತುಗಳಿರುತ್ತವೆ. ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯು. ತಾಯಿ ತನ್ನ ಝಡ್ ಕೊಟ್ಟರೆ ಮರಿ ಹುಂಜ, ಡಬ್ಲ್ಯು ಕೊಟ್ಟರೆ ಹೇಂಟೆ. ಇದರಿಂದ ಒಂದು ಉಪಯುಕ್ತ ಸೂತ್ರ ಹೊರಡುತ್ತದೆ: ಝಡ್ ಮೇಲೆ ಕೂತಿರುವ ಗುಣಗಳು ತಾಯಿಯಿಂದ ಗಂಡುಮರಿಗೆ ಮಾತ್ರ ಹೋಗುತ್ತವೆ. ಹೆಣ್ಣುಮರಿಗೆ ಆ ಗುಣಗಳೇನಿದ್ದರೂ ತಂದೆಯಿಂದಲೇ ಬರಬೇಕು.

ಗರಿಯ ಕರಿ-ಬಿಳಿ ಪಟ್ಟೆ ಅಂಥದೇ ಒಂದು ಗುಣ. ಇದು ಲಿಂಗಕ್ಕೆ ಅಂಟಿಕೊಂಡು ಬರುತ್ತದೆಂದು ಅಮೆರಿಕದ ವಿಜ್ಞಾನಿ ಸ್ಪಿಲ್‌ಮನ್ 1908ರಲ್ಲೇ ವಿವರಿಸಿದರು. ಕೇಂಬ್ರಿಜ್‌ನ ಪನ್ನೆಟ್ ಇಂಥ ಗುಣಗಳನ್ನು ಬಳಸಿ ಒಂದು ದಿನದ ಮರಿಯಲ್ಲೇ ಹುಂಜ-ಹೇಂಟೆ ಬೇರ್ಪಡಿಸಬಹುದೆಂದು ತೋರಿಸಿಕೊಟ್ಟರು. ನಿಮ್ಮ ಅದೃಷ್ಟಕ್ಕೆ ಆ ಪ್ರಯೋಗಕ್ಕೆ ಬೇಕಾದ ಜೋಡಿ ನಿಮ್ಮ ಅಂಗಳದಲ್ಲೇ ಇದೆ: ಪಟ್ಟೆ ಇರುವ ಹೇಂಟೆ, ಪಟ್ಟೆ ಇಲ್ಲದ ಹುಂಜ. ಈ ಜೋಡಿಯ ಗಂಡುಮರಿಗಳಿಗೆಲ್ಲ ತಾಯಿಯ ಪಟ್ಟೆ ಸಿಗುತ್ತದೆ, ಹೆಣ್ಣುಮರಿಗಳಿಗೆ ಸಿಗುವುದಿಲ್ಲ. ಕರಿ ತುಪ್ಪುಳದ ಮರಿಯಲ್ಲಿ ಆ ಪಟ್ಟೆಗುಣ ಹುಟ್ಟುವಾಗ ನೆತ್ತಿಯ ಮೇಲೊಂದು ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಹಾಗಾಗಿ ತಲೆಯಲ್ಲಿ ಬಿಳಿ ಚುಕ್ಕಿ ಇರುವ ನಿಮ್ಮ ಎರಡು ಮರಿಗಳು ಹುಂಜಗಳೇ. ಇನ್ನೆರಡು ವಾರ ಕಳೆದರೆ ಅವುಗಳ ರೆಕ್ಕೆಗರಿಯಲ್ಲಿ ಅಡ್ಡ ಪಟ್ಟೆಗಳು ಎದ್ದು ಕಾಣತೊಡಗುತ್ತವೆ. ಆಗ ನಿಮಗೇ ಖಾತ್ರಿಯಾಗುತ್ತದೆ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಚುಕ್ಕಿ ಇದ್ದದ್ದು ಹುಂಜವಾದರೆ, ಚುಕ್ಕಿ ಇಲ್ಲದ ನಾಲ್ಕು ಕರಿಮರಿಗಳು ಹೇಂಟೆಗಳೇ ಆಗಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಗೆ ಹೇಳಲು ಬರುವುದಿಲ್ಲ. ಆ ಸೂತ್ರ ಪಟ್ಟೆ ಹೇಂಟೆಯ ಮರಿಗಳಿಗೆ ಮಾತ್ರ ಅನ್ವಯಿಸುತ್ತದೆ. ನೀವು ಎಲ್ಲ ಹೇಂಟೆಗಳ ತತ್ತಿಗಳನ್ನು ಕೂಡಿಸಿದ್ದೀರಿ, ಕಾವಿಗೆ ಕೂತದ್ದು ಜವಾರಿ ಹೇಂಟೆ. ಕಾವು ಕೊಟ್ಟು, ಬೆನ್ನಿಗೆ ಕಟ್ಟಿಕೊಂಡು ಓಡಾಡುವ ಹೇಂಟೆ ಸಾಕುತಾಯಿ, ತತ್ತಿ ಇಟ್ಟದ್ದೇ ಹೆತ್ತತಾಯಿ. ನಾಲ್ಕು ಕರಿಮರಿಗಳಲ್ಲಿ ಪಟ್ಟೆ ಹೇಂಟೆಯ ಹೆಣ್ಣುಮರಿ ಇರಬಹುದು, ಜವಾರಿ ಹೇಂಟೆಗೂ ಕಡಕನಾಥಕ್ಕೂ ಹುಟ್ಟಿದ ಗಂಡುಮರಿಯೂ ಇರಬಹುದು. ಚುಕ್ಕಿ ಇದ್ದರೆ ಹುಂಜ ಎನ್ನಿ. ಚುಕ್ಕಿ ಇಲ್ಲದಿದ್ದರೆ ಕಾದು ನೋಡಿ. ಇನ್ನೂ ಒಂದು ಮಾತು ನೆನಪಿರಲಿ. ಹುಂಜಕ್ಕೇ ಪಟ್ಟೆ ಇದ್ದರೆ ಅದರ ಪಟ್ಟೆ ಗಂಡುಮರಿಗೂ ಹೆಣ್ಣುಮರಿಗೂ ಹೋಗುತ್ತದೆ, ಆಗ ನೆತ್ತಿಯ ಚುಕ್ಕಿಯಿಂದ ಏನೂ ತಿಳಿಯದು. ಓಣಿಯಲ್ಲಿ ಪಟ್ಟೆ ಹುಂಜ ತಿರುಗಾಡುತ್ತಿದ್ದರೆ ಇದನ್ನು ಗಮನದಲ್ಲಿಡಬೇಕು.

ಕರಿಮರಿಗಳಿಗೆ ಇನ್ನೊಂದು ಸುಳಿವೂ ಉಂಟು, ಅದು ಕಡಕನಾಥದಿಂದಲೇ ಬರುತ್ತದೆ. ಮಧ್ಯಪ್ರದೇಶದ ಝಾಬುವಾ ಸೀಮೆಯ ಈ ತಳಿಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಚರ್ಮ, ಕಾಲು, ಜುಟ್ಟು, ಮಾಂಸ ಎಲ್ಲವೂ ಕಪ್ಪಿಗೆ ತಿರುಗಿರುವುದು ನಿಮಗೆ ಗೊತ್ತೇ ಇದೆ. ನಮ್ಮ ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಚರ್ಮದ ಈ ಕಪ್ಪನ್ನು ತಡೆಹಿಡಿಯುವ ಒಂದು ಗುಣವಿರುತ್ತದೆ, ಅದೂ ಝಡ್ ಮೇಲೆಯೇ ಇದೆ. ಹಳದಿ ಕಾಲಿನ ಹೇಂಟೆ ಆ ತಡೆಯನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ತಡೆ ಇಲ್ಲ, ತಂದೆಯ ಕಪ್ಪು ಪೂರ್ತಿ ಇಳಿಯುತ್ತದೆ. ಇಂಗ್ಲೆಂಡಿನ ಬೇಟ್ಸನ್ ಮತ್ತು ಪನ್ನೆಟ್ ಕಪ್ಪು ಚರ್ಮದ ಸಿಲ್ಕಿ ತಳಿಯಲ್ಲಿ ಇದೇ ಬಗೆಯ ಫಲಿತಾಂಶವನ್ನು 1911ರಲ್ಲಿ ಪ್ರಕಟಿಸಿದ್ದರು. ಹಾಗಾಗಿ ನಿಮ್ಮ ಕರಿಮರಿಗಳ ಕಾಲು, ಕೊಕ್ಕಿನ ಬುಡ, ಮುಖದ ಚರ್ಮಗಳನ್ನು ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಕಾಡಿಗೆಯಂತೆ ಗಾಢವಾಗುತ್ತ ಹೋಗುವವು ಹೇಂಟೆಗಳಾಗಿರುವ ಸಂಭವ ಹೆಚ್ಚು, ತಿಳಿಯಾಗಿ ಉಳಿಯುವವು ಹುಂಜಗಳಾಗಿರುವ ಸಂಭವ ಹೆಚ್ಚು. ತತ್ತಿ ಇಟ್ಟ ಹೇಂಟೆಯ ಕಾಲೇ ಕಪ್ಪಾಗಿದ್ದರೆ ಈ ಸುಳಿವು ನಡೆಯದು. ಆದ್ದರಿಂದ ಇದನ್ನು ಬೆಂಬಲದ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ.

ಮೊಬೈಲಿನಲ್ಲಿ ಇನ್ನೆರಡು ವಿಧಾನಗಳನ್ನು ನೀವು ನೋಡಿರಬಹುದು. ಒಂದು, ರೆಕ್ಕೆ ಬಿಡಿಸಿ ಗರಿಗಳ ಉದ್ದ ನೋಡುವುದು. ಎರಡು, ಮರಿಯ ಗುದದ್ವಾರ ಒತ್ತಿ ನೋಡುವುದು. ರೆಕ್ಕೆಯ ವಿಧಾನ ಸುಳ್ಳಲ್ಲ. ಆದರೆ ಗರಿ ಬೇಗ ಬರುವ ಹುಂಜವನ್ನೂ ತಡವಾಗಿ ಬರುವ ಹೇಂಟೆಯನ್ನೂ ಬೇಕೆಂದೇ ಜೋಡಿಸಿದ ಮರಿ ಮಾಡಿಸುವ ಕೇಂದ್ರಗಳಲ್ಲಿ ಮಾತ್ರ ಅದು ಫಲಿಸುತ್ತದೆ. ಬೆರಕೆ ಮರಿಗಳಲ್ಲಿ ಅದಕ್ಕೆ ಅರ್ಥವಿಲ್ಲ. ಎರಡನೆಯದನ್ನು 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಅವರ ಸಂಗಡಿಗರು ರೂಪಿಸಿದರು. ಅದಕ್ಕೆ ದೀರ್ಘ ತರಬೇತಿ ಬೇಕು, ಅಭ್ಯಾಸವಿಲ್ಲದ ಕೈ ಒತ್ತಿದರೆ ಮರಿಯ ಕರುಳಿಗೆ ಪೆಟ್ಟಾಗುತ್ತದೆ. ದಯವಿಟ್ಟು ಮನೆಯಲ್ಲಿ ಪ್ರಯತ್ನಿಸಬೇಡಿ. ಊರೂರು ತಿರುಗಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿ ಮಾರುವವರು ಬರುತ್ತಾರಲ್ಲ, ಆ ಮರಿಗಳು ಬಹುಪಾಲು ಹೀಗೆ ಮೊದಲ ದಿನವೇ ಬೇರ್ಪಡಿಸಿ ಹೊರಗಿಟ್ಟ, ತತ್ತಿ ಕೋಳಿ ತಳಿಯ ಗಂಡುಮರಿಗಳು. ಅವುಗಳಿಂದ ತತ್ತಿ ನಿರೀಕ್ಷಿಸಿ ಕೊಂಡವರಿಗೆ ನಿರಾಸೆಯಾಗುತ್ತದೆ. ಹಚ್ಚಿದ ಬಣ್ಣವೂ ತುಪ್ಪುಳದ ಜೊತೆ ಉದುರಿಹೋಗುತ್ತದೆ.

ಹಾಗಾದರೆ ಉಳಿದ ಒಂಬತ್ತು ಮರಿಗಳನ್ನು ಗುರುತಿಸುವುದು ಹೇಗೆ? ವಯಸ್ಸಿಗೆ ತಕ್ಕ ಗುರುತು ನೋಡಬೇಕು.

ನಾಲ್ಕರಿಂದ ಆರು ವಾರ: ಜುಟ್ಟನ್ನು ನೋಡಿ. ಒಂಟಿ ಗರಗಸದ ಜುಟ್ಟಿರುವ ಮರಿಗಳಲ್ಲಿ ಹುಂಜದ ಜುಟ್ಟು ಬೇಗ ಎದ್ದು ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಹೇಂಟೆಯದು ಸಣ್ಣದಾಗಿ, ಹಳದಿ ಛಾಯೆಯಲ್ಲೇ ಬಹಳ ದಿನ ಉಳಿಯುತ್ತದೆ. ಕಡಕನಾಥ ಬೆರಕೆಯಲ್ಲಿ ಜುಟ್ಟು ಕಪ್ಪಾಗಿಯೇ ಇರಬಹುದು, ಅಲ್ಲಿ ಬಣ್ಣ ಬಿಟ್ಟು ಗಾತ್ರ ನೋಡಿ. ಕಾಳಗದ ಅಸೀಲ್ ತಳಿಯ ರಕ್ತವಿದ್ದರೆ ಜುಟ್ಟು ಮೂರು ಸಾಲಾಗಿ ಚಪ್ಪಟೆಯಾಗಿರುತ್ತದೆ. ಆಗ ಹುಂಜದ್ದೂ ಚಿಕ್ಕದೇ, ನಡುಸಾಲು ಕೆಂಪೇರಿದೆಯೇ ಎಂದು ಮಾತ್ರ ನೋಡಬೇಕು. ಗಿರಿರಾಜದಂಥ ಭಾರಿ ಮೈಯ ಕೋಳಿಯ ಮರಿಗಳಲ್ಲಿ ಇನ್ನೊಂದು ಗುರುತು: ಹೇಂಟೆಗೆ ಬಾಲ, ಬೆನ್ನಗರಿ ಬೇಗ ತುಂಬಿಕೊಳ್ಳುತ್ತವೆ. ಹುಂಜದ ಬೆನ್ನು, ಭುಜಗಳು ಕೆಲವು ದಿನ ಬೋಳಾಗಿ ಕಾಣುತ್ತವೆ, ಕಾಲು ಮಾತ್ರ ದಪ್ಪಗಾಗುತ್ತವೆ.

ಆರರಿಂದ ಒಂಬತ್ತು ವಾರ: ರೆಕ್ಕೆಯ ಮೇಲ್ಭಾಗವನ್ನು, ಭುಜದ ಕಡೆ, ನೋಡಿ. ನಿಮ್ಮ ಗೆರೆಮರಿಗಳಲ್ಲಿ ಇದು ಬಹಳ ಒಳ್ಳೆಯ ಗುರುತು. ಹೇಂಟೆಯ ಭುಜದ ಗರಿಗಳು ಮೈಯ ಉಳಿದ ಭಾಗದಂತೆ ಒಂದೇ ಸಮನಾಗಿ ಕಂದಾಗಿ, ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕಿಗಳಿಂದ ತುಂಬಿರುತ್ತವೆ. ಹುಂಜದ ಭುಜದಲ್ಲಿ ಗಾಢ ಕೆಂಪು ಗರಿಗಳು ಅಲ್ಲೊಂದು ಇಲ್ಲೊಂದು ತೇಪೆ ಹಾಕಿದಂತೆ ಮೂಡುತ್ತವೆ. ಎದೆಯಲ್ಲೂ ವ್ಯತ್ಯಾಸವಿದೆ. ಹೇಂಟೆಯ ಎದೆ ಇಟ್ಟಿಗೆಯ ತಿಳಿ ಬಣ್ಣಕ್ಕೆ ತಿರುಗುತ್ತದೆ, ಹುಂಜದ ಎದೆಯಲ್ಲಿ ಕರಿ ಗರಿಗಳು ಕಾಣಿಸಿಕೊಳ್ಳುತ್ತವೆ.

ಹತ್ತರಿಂದ ಹದಿನಾಲ್ಕು ವಾರ: ಇದು ತೀರ್ಪಿನ ಕಾಲ. ಮರಿಯನ್ನು ಸಂಜೆ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಳ್ಳಿ, ಆಗ ಅದು ಗದ್ದಲ ಮಾಡುವುದಿಲ್ಲ. ಬಾಲದ ಬುಡಕ್ಕಿಂತ ಸ್ವಲ್ಪ ಮುಂದೆ, ಸೊಂಟದ ಬದಿಯ ಗರಿಗಳನ್ನು ಬೆರಳಿನಿಂದ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಹೇಂಟೆಯ ಗರಿ ಅಗಲವಾಗಿ, ತುದಿಯಲ್ಲಿ ದುಂಡಾಗಿರುತ್ತದೆ. ಅಂಚಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹೆಣೆದಂತಿರುತ್ತವೆ. ಹುಂಜದ ಗರಿ ಕಿರಿದಾಗಿ, ಉದ್ದವಾಗಿ, ತುದಿಯಲ್ಲಿ ಚೂಪಾಗಿರುತ್ತದೆ. ಅಂಚಿನ ಎಳೆಗಳು ಬಿಡಿಬಿಡಿಯಾಗಿ ಕುಚ್ಚಿನಂತೆ ನಿಂತು ಮಿರಮಿರ ಹೊಳೆಯುತ್ತವೆ. ಇದಕ್ಕಿಂತ ಮುಂಚೆ ಬಂದ ಗರಿಗಳು ಎರಡರಲ್ಲೂ ದುಂಡು ತುದಿಯವೇ ಆದ್ದರಿಂದ ಈ ಗುರುತನ್ನು ಐದಾರು ವಾರಕ್ಕೇ ಹುಡುಕಿದರೆ ಎಲ್ಲವೂ ಹೇಂಟೆಯಂತೆ ಕಾಣುತ್ತವೆ. ಸೊಂಟದಲ್ಲಿ ಒಂದಾದರೂ ಹೊಸ ಚೂಪು ಗರಿ ಸ್ಪಷ್ಟವಾಗಿ ಸಿಕ್ಕರೆ ಅದು ಹುಂಜ, ಜುಟ್ಟು ಏನೇ ಹೇಳಲಿ. ಹದಿನಾಲ್ಕು ವಾರ ತುಂಬಿದರೂ ದುಂಡು ಗರಿಗಳೇ ಇದ್ದರೆ ಹೇಂಟೆ ಎಂದು ಧೈರ್ಯವಾಗಿ ಹೇಳಬಹುದು.

ಈ ಗರಿಯ ಗುರುತು ಅಷ್ಟು ನಂಬಲರ್ಹವಾಗಲು ಕಾರಣವಿದೆ. ದುಂಡು ಗರಿ ಬೆಳೆಯುವುದು ಅಂಡಾಶಯದಿಂದ ಒಸರುವ ಈಸ್ಟ್ರೋಜನ್ ಎಂಬ ರಸದಿಂದ. ಆ ರಸ ಇಲ್ಲದ ಕಡೆ ಗರಿ ಹುಂಜದ ಆಕಾರವನ್ನೇ ತಳೆಯುತ್ತದೆ. ಹೇಂಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಮುಪ್ಪಿನಿಂದಲೋ ರೋಗದಿಂದಲೋ ಅದು ನಿಂತುಹೋದರೆ, ಮುಂದಿನ ಸಲ ಗರಿ ಉದುರಿ ಬರುವಾಗ ಅದೇ ಹೇಂಟೆಗೆ ಚೂಪು ಗರಿ ಬರುತ್ತದೆ, ಜುಟ್ಟು ದೊಡ್ಡದಾಗುತ್ತದೆ, ಕೆಲವೊಮ್ಮೆ ಅದು ಕೂಗುವುದೂ ಉಂಟು. ಹೇಂಟೆ ಕೂಗಿದರೆ ಅಪಶಕುನ ಎಂದು ಹೆದರುವ ಮನೆಗಳು ನಮ್ಮಲ್ಲಿವೆ. ಹೆದರಬೇಕಾಗಿಲ್ಲ, ಅದು ಆ ಕೋಳಿಯ ದೇಹದಲ್ಲಾದ ಬದಲಾವಣೆ ಅಷ್ಟೆ.

ಯಾವ ವಯಸ್ಸಿನಲ್ಲೇ ಆಗಲಿ, ಹೋಲಿಸುವಾಗ ಒಂದೇ ದಿನ ಹುಟ್ಟಿದ, ಒಂದೇ ಬಗೆಯ ಬಣ್ಣ-ಜುಟ್ಟಿನ ಮರಿಗಳನ್ನು ಒಂದಕ್ಕೊಂದು ಹೋಲಿಸಿ. ಕರಿಮರಿಯನ್ನು ಕರಿಮರಿಗೆ, ಗೆರೆಮರಿಯನ್ನು ಗೆರೆಮರಿಗೆ. ಗಿರಿರಾಜ ರಕ್ತದ ಹೇಂಟೆಮರಿ ಜವಾರಿ ಹುಂಜಮರಿಗಿಂತ ದಪ್ಪಗಿರಬಹುದು. ಮೈಗಾತ್ರ ನೋಡಿ ಹುಂಜವೆಂದುಕೊಂಡು ಸಂತೆಗೆ ಒಯ್ದರೆ ತತ್ತಿ ಇಡಬೇಕಾದ ಕೋಳಿ ಕೈಬಿಟ್ಟುಹೋಗುತ್ತದೆ.

ಈಗ ಬಣ್ಣದ ವಿಷಯ. ಮರಿಯ ತುಪ್ಪುಳ ಹುಟ್ಟಿನ ತೊಟ್ಟಿಲಂಗಿ ಇದ್ದ ಹಾಗೆ, ಉಳಿಯುವುದಕ್ಕಾಗಿ ಬಂದದ್ದಲ್ಲ. ನಾಲ್ಕೈದು ವಾರಗಳಲ್ಲಿ ಅದು ಹೋಗಿ ಮೊದಲ ಗರಿಗಳು ಬರುತ್ತವೆ. ಎರಡು-ಮೂರು ತಿಂಗಳ ಹೊತ್ತಿಗೆ ಅವೂ ಬದಲಾಗತೊಡಗುತ್ತವೆ. ಐದಾರು ತಿಂಗಳಿಗೆ ಬೆಳೆದ ಕೋಳಿಯ ನಿಜವಾದ ಬಣ್ಣ ನಿಲ್ಲುತ್ತದೆ. ಆದರೂ ತುಪ್ಪುಳದಿಂದ ಮುಂದಿನ ಬಣ್ಣವನ್ನು ಒಂದು ಮಟ್ಟಿಗೆ ಓದಬಹುದು.

ಕರಿಮರಿಗಳ ಗಂಟಲು, ಹೊಟ್ಟೆ, ರೆಕ್ಕೆಯ ತುದಿಗಳಲ್ಲಿ ಈಗ ಬಿಳಿ ಇರಬಹುದು. ಅದು ಬಹುತೇಕ ಮಾಯವಾಗಿ ಅವು ಕರಿ ಕೋಳಿಗಳೇ ಆಗುತ್ತವೆ. ಹೇಂಟೆಗಳ ಕುತ್ತಿಗೆಯಲ್ಲಿ ತುಸು ಹೊಂಬಣ್ಣ ಇಣುಕಬಹುದು. ಹುಂಜಗಳ ಕುತ್ತಿಗೆ, ಭುಜ, ಸೊಂಟಗಳಲ್ಲಿ ಕೆಂಪು ಇನ್ನೂ ಹೆಚ್ಚಾಗಿ ಬರಬಹುದು. ಅದು ಜವಾರಿ ತಾಯಿಯ ಪಾಲು. ಬೇಸಿಗೆಯ ಬಿಸಿಲಿನಲ್ಲಿ ಕರಿ ಗರಿ ಮಾಸಿ ಕಂದಾದರೆ ಬಣ್ಣ ಬದಲಾಯಿತೆಂದು ತಿಳಿಯಬೇಡಿ, ಹೊಸ ಗರಿ ಮತ್ತೆ ಕಪ್ಪಾಗಿಯೇ ಬರುತ್ತದೆ.

ಚುಕ್ಕಿತಲೆಯ ಎರಡು ಹುಂಜಗಳು ಕರಿ-ಬಿಳಿ ಪಟ್ಟೆಯವಾಗುತ್ತವೆ. ಕುತ್ತಿಗೆ, ಸೊಂಟಗಳಲ್ಲಿ ಆ ಪಟ್ಟೆಯ ಮೇಲೆ ಹೊಂಬಣ್ಣ ಕೂಡಬಹುದು.

ಗೆರೆಮರಿಗಳದು ಎಲ್ಲಕ್ಕಿಂತ ಪುರಾತನ ಬಣ್ಣ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿಯ ಮರಿಗಳಿಗೂ ಬೆನ್ನ ಮೇಲೆ ಅದೇ ಅಳಿಲಿನ ಗೆರೆಗಳು, ಕಣ್ಣಿನ ಹಿಂದೆ ಅದೇ ಕರಿ ಗೆರೆ. ಹುಲ್ಲಿನ ನಡುವೆ ಅವಿತುಕೊಳ್ಳಲು ಅನುಕೂಲವಾದ ಬಣ್ಣವದು. ಇವುಗಳಲ್ಲಿ ಹೇಂಟೆ ಬೆಳೆದರೆ ಕಂದು ಮೈ, ತಿಳಿ ಇಟ್ಟಿಗೆ ಎದೆ, ಹೊನ್ನಂಚಿನ ಕುತ್ತಿಗೆ. ಹುಂಜವಾದರೆ ಕೆಂಪು ಕುತ್ತಿಗೆ-ಬೆನ್ನು, ಕರಿ ಎದೆ, ಹಸಿರು ಹೊಳಪಿನ ಕರಿ ಬಾಲ. ಹೀಗೆ ಒಂದೇ ತುಪ್ಪುಳದ ಅಣ್ಣ-ತಂಗಿಯರು ಬೆಳೆದ ಮೇಲೆ ಬೇರೆ ಬೇರೆ ಜಾತಿಯವೆಂಬಂತೆ ಕಾಣುವುದು ಸಹಜ.

ಹಳದಿ ಮರಿ ಹಳದಿ ಕೋಳಿಯಾಗುವುದಿಲ್ಲ. ಅದು ಬಿಳಿಯಾಗಬಹುದು, ತಿಳಿ ಕಂದು ಆಗಬಹುದು, ಕೆಂಪೂ ಆಗಬಹುದು. ಎರಡನೆಯ ವಾರದಲ್ಲಿ ರೆಕ್ಕೆಯ ಉದ್ದ ಗರಿಗಳನ್ನು ನೋಡಿ. ಅವು ಅಚ್ಚ ಬಿಳಿಯಾಗಿದ್ದರೆ ಬಿಳಿ ಕೋಳಿ, ಕಂದು ಬೆರೆತಿದ್ದರೆ ಬಣ್ಣದ ಕೋಳಿ. ಬಿಳಿ ಹುಂಜವಾದರೆ ಭುಜದಲ್ಲಿ ಕೆಂಪು ಛಾಯೆ ಬರುವುದು ಬೆರಕೆಯಲ್ಲಿ ಸಾಮಾನ್ಯ.

ಬೂದು ಮರಿಗೂ ಅದೇ ಪರೀಕ್ಷೆ. ಹೊಸ ರೆಕ್ಕೆಗರಿಯೂ ಬೂದಾಗಿದ್ದರೆ ಅದು ಬೂದು ಕೋಳಿಯೇ ಆಗುತ್ತದೆ. ಗರಿ ಕಪ್ಪಾಗಿ ಬಂದರೆ ತುಪ್ಪುಳ ಮಾತ್ರ ಮಂಕಾಗಿತ್ತು, ಕೋಳಿ ಕರಿಯದೇ ಎಂದು ತಿಳಿಯಿರಿ.

ಕಾಲಿನ ಬಣ್ಣವನ್ನೂ ಬರೆದಿಟ್ಟುಕೊಳ್ಳಿ, ಅದಕ್ಕೂ ನಮ್ಮ ಸೀಮೆಗೂ ಒಂದು ನಂಟಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಸಹಭಾಗಿಗಳು 2008ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಸಾಕುಕೋಳಿಯ ಹಳದಿ ಕಾಲು ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬೂದು ಕಾಡುಕೋಳಿಯಿಂದ ಬಂದದ್ದು. ಕಲಘಟಗಿಯ ಪಶ್ಚಿಮಕ್ಕೆ ಹೋದಂತೆ ಹಳಿಯಾಳ, ದಾಂಡೇಲಿ ಕಡೆಯ ಕಾಡಿನಲ್ಲಿ ಬೆಳಗಿನ ಹೊತ್ತು ಕೂಗುವುದು ಆ ಬೂದು ಕಾಡುಕೋಳಿಯೇ. ಅದು ನೆಲೆಸಿರುವುದು ಭಾರತದಲ್ಲಿ ಮಾತ್ರ. ನಿಮ್ಮ ಅಂಗಳದ ಹಳದಿ ಕಾಲಿನ ಜವಾರಿ ಹೇಂಟೆ ಎಷ್ಟೋ ಶತಮಾನಗಳ ಹಿಂದಿನ ಆ ಬೆರಕೆಯ ಗುರುತನ್ನು ಹೊತ್ತು ತಿರುಗುತ್ತಿದೆ.

ಇನ್ನು ಉಳಿದದ್ದು ಗೆರೆಮರಿಗಳ ತಂದೆ ಯಾರೆಂಬ ಪ್ರಶ್ನೆ. ನಿಮ್ಮ ಊಹೆ ಸರಿಯಾಗಿಯೇ ಇದೆ. ಮಾರಿದ ಕೆಂಪು ಹುಂಜವೇ ಅವುಗಳ ತಂದೆಯಾಗಿರಲು ಹೆಚ್ಚು ಸಾಧ್ಯ. ಹೇಂಟೆಯ ತತ್ತಿನಾಳದಲ್ಲಿ ಹುಂಜದ ವೀರ್ಯವನ್ನು ಕಾಪಿಡುವ ಸೂಕ್ಷ್ಮ ನಳಿಕೆಗಳಿವೆ. ಒಮ್ಮೆ ಕೂಡಿದ ಮೇಲೆ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಫಲವತ್ತಾದ ತತ್ತಿ ಬರುತ್ತಿರುತ್ತದೆ. ನೀವು ಹುಂಜ ಬದಲಿಸಿ ಒಂದೇ ವಾರಕ್ಕೆ ತತ್ತಿ ಕೂಡಿಸಿದ್ದರಿಂದ ಎರಡೂ ಹುಂಜಗಳ ಮರಿಗಳು ಒಂದೇ ಕಾವಿನಲ್ಲಿ ಎದ್ದಿವೆ. ಮೈಯೆಲ್ಲ ಕರಿ ಇರುವ ಹುಂಜಕ್ಕೆ ಹುಟ್ಟಿದ ಮರಿಗಳು ಸಾಮಾನ್ಯವಾಗಿ ಕರಿಯಾಗಿಯೇ ಬರುವುದರಿಂದ, ತಿಳಿಗೆರೆಯ ಮರಿಗಳು ಹಳೆಯ ಹುಂಜದ ಕಡೆಗೆ ಬೆರಳು ತೋರಿಸುತ್ತವೆ. ಓಣಿಯ ಬೇರೆ ಹುಂಜವೂ ಆಗಿರಬಹುದು, ಅದನ್ನು ನೀವೇ ಚೆನ್ನಾಗಿ ಬಲ್ಲಿರಿ.

ಗಿರಿರಾಜದ ಬಗ್ಗೆಯೂ ಒಂದು ಮಾತು. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹೆಬ್ಬಾಳದಿಂದ ಹೊರತಂದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ಇವೆಲ್ಲ ಹಲವು ಸಾಲುಗಳನ್ನು ಕೂಡಿಸಿ ಪಡೆದ ಸಂಕರ ಕೋಳಿಗಳು. ಅವುಗಳ ತತ್ತಿಯನ್ನು ಜವಾರಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದರೆ ಮತ್ತೆ ಅಂಥದೇ ಗಿರಿರಾಜ ಬರುವುದಿಲ್ಲ. ಒಳಗೆ ಅಡಗಿದ್ದ ಬಣ್ಣಗಳು ಮರಿಗಳಲ್ಲಿ ಬೇರೆ ಬೇರೆಯಾಗಿ ಹೊರಬೀಳುತ್ತವೆ. ನಿಮ್ಮ ಹಳದಿ, ಬೂದು ಮರಿಗಳು ಅಲ್ಲಿಂದ ಬಂದಿರಬಹುದು. ಹೀಗಾಗಿ ಆ ಎರಡರ ಬಣ್ಣವನ್ನು ತುಪ್ಪುಳ ನೋಡಿ ಗಟ್ಟಿಯಾಗಿ ಹೇಳಲಾಗದು, ಗರಿ ಬರುವ ತನಕ ಕಾಯಬೇಕು.

ಕೊನೆಯದಾಗಿ, ಮುಂದಿನ ಕಾವಿಗೆ ಒಂದು ಸಲಹೆ. ಕಡಕನಾಥ ಹುಂಜ ಬಂದು ಈಗ ಒಂದು ತಿಂಗಳ ಮೇಲಾಯಿತು, ಹಳೆಯ ಹುಂಜದ ಪ್ರಭಾವ ಮುಗಿದಿದೆ. ಇನ್ನೊಂದು ಹೇಂಟೆ ಕಾವಿಗೆ ಕೂತಾಗ ಎಲ್ಲ ತತ್ತಿ ಕೂಡಿಸದೆ, ಪಟ್ಟೆ ಹೇಂಟೆಯ ತತ್ತಿಗಳನ್ನು ಮಾತ್ರ ಇಡಿ. ಅದು ತತ್ತಿ ಇಡುವ ಹೊತ್ತಿಗೆ ಬುಟ್ಟಿ ಮುಚ್ಚಿ ಇಡಿಸಿದರೆ ಗುರುತು ತಪ್ಪುವುದಿಲ್ಲ. ತೆಗೆದ ಕೂಡಲೇ ಪೆನ್ಸಿಲಿನಿಂದ ದಿನಾಂಕ ಬರೆಯಿರಿ, ವಾರ-ಹತ್ತು ದಿನದೊಳಗಿನ ತತ್ತಿಗಳನ್ನೇ ಕಾವಿಗಿಡಿ. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬಂದು ಮೈ ಒಣಗಿದ ಮೇಲೆ ನೆತ್ತಿ ನೋಡಿ. ಬಿಳಿ ಚುಕ್ಕಿ ಇದ್ದವು ಹುಂಜ, ಇಲ್ಲದವು ಹೇಂಟೆ. ಆಗ ತಾಯಿ ಒಂದೇ, ತಂದೆ ಒಂದೇ ಆದ್ದರಿಂದ ಸೂತ್ರ ಎರಡೂ ಕಡೆಗೆ ನಡೆಯುತ್ತದೆ. ಹೇಂಟೆಮರಿಗಳ ಕಾಲಿಗೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿ. ಕಾಲು ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟುವುದನ್ನು ಮರೆಯಬೇಡಿ. ಮೂರು ತಿಂಗಳಿಗೆ ಸೊಂಟದ ಗರಿ ನೋಡಿ, ಮೊದಲ ದಿನದ ತೀರ್ಮಾನದೊಂದಿಗೆ ತಾಳೆ ಹಾಕಿ.

ಈ ಹನ್ನೊಂದು ಮರಿಗಳ ಮಟ್ಟಿಗೆ ಹೇಳುವುದಾದರೆ, ಎರಡು ಹುಂಜಗಳು ಈಗಲೇ ತಿಳಿದಿವೆ. ಗೆರೆಮರಿ ಮೂರರದು ಎರಡು ತಿಂಗಳಿಗೆ ತಿಳಿಯುತ್ತದೆ. ಕರಿಯವು ನಾಲ್ಕು, ಹಳದಿ ಮತ್ತು ಬೂದು ಒಂದೊಂದು, ಮೂರು ತಿಂಗಳು ದಾಟುವ ತನಕ ಯಾವುದನ್ನೂ ಮಾರಬೇಡಿ. ಅತ್ತೆಯವರನ್ನೂ ಜೊತೆಗೆ ಕೂಡಿಸಿಕೊಂಡು ನೋಡಿ, ಎಷ್ಟೋ ವರ್ಷ ಕೋಳಿ ಸಾಕಿದ ಅವರ ಕಣ್ಣಿಗೆ ಈ ಗುರುತುಗಳು ನಿಮಗಿಂತ ಬೇಗ ಹಿಡಿಯಬಹುದು.